ತಿದ್ದಿ ಓದಬೇಕಾದ ಆಟಗಳು

ಕಂಪ್ಯೂಟರ್ ಆಟಗಳ ಬಗ್ಗೆ ವಿಮರ್ಶೆಯ ಧಾಟಿಯಲ್ಲಿ ಬರೆಯಹೊರಟರೆ ನಮ್ಮಲ್ಲಿ ಎರಡು ಬಗೆಯ ಆಕ್ಷೇಪಣೆಗಳು ಏಳುತ್ತವೆ. ಮಕ್ಕಳ ಆಟಿಕೆಗೆ ವಿಮರ್ಶೆ ಏಕೆ ಎಂದು ಸಾಹಿತ್ಯದವರು ಕೇಳುತ್ತಾರೆ. ಅದಕ್ಕಿಂತ ಸಾವಿರ ಪಾಲು ಚೆನ್ನಾದವು ಬಂದಿರುವಾಗ ಹಳೆಯದರ ಗೊಡವೆ ಏಕೆ ಎಂದು ಕಂಪ್ಯೂಟರಿನವರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಆದರೂ 1980ರ ದಶಕದ ಮೊದಲರ್ಧದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕೆಲವು ಆಟಗಳನ್ನು ನಾನು ಕೃತಿಗಳೆಂದೇ ಓದುತ್ತ ಬಂದಿದ್ದೇನೆ. ಓದುವುದೆಂದರೆ ಇಲ್ಲಿ ಬರೀ ಆಡುವುದಲ್ಲ. ಒಳಗೆ ಇಣುಕುವುದು, ಒಂದೆರಡು ಸಂಖ್ಯೆ ಬದಲಿಸಿ ಏನಾಗುತ್ತದೆಂದು ನೋಡುವುದು, ಕಡೆಗೆ ತಾನೇ ಒಂದನ್ನು ಬರೆಯುವುದು. ಆ ಕಾಲದ ಸ್ಪೆಕ್ಟ್ರಮ್ ಯಂತ್ರದ ಬೇಸಿಕ್ ಭಾಷೆಯಲ್ಲಿ ಪೀಕ್ ಮತ್ತು ಪೋಕ್ ಎಂಬ ಎರಡು ಪದಗಳಿದ್ದವು. ಕನ್ನಡದಲ್ಲಿ ಹೇಳುವುದಾದರೆ ಇಣುಕು ಮತ್ತು ತಿವಿ. ನನ್ನ ಮಟ್ಟಿಗೆ ಈ ಆಟಗಳ ವಿಮರ್ಶೆ ಈ ಎರಡು ಕ್ರಿಯಾಪದಗಳಿಂದಲೇ ಶುರುವಾಗುತ್ತದೆ.

ಯಂತ್ರಗಳ ಪರಿಚಯ ಮೊದಲು ಆಗಬೇಕು. ಸಿಂಕ್ಲೇರ್ ಸ್ಪೆಕ್ಟ್ರಮ್ ಬಂದದ್ದು 1982ರಲ್ಲಿ. ಮನೆಯ ಟಿವಿಗೂ ಟೇಪ್ ರೆಕಾರ್ಡರಿಗೂ ಜೋಡಿಸಿಕೊಳ್ಳುವ ಪುಟ್ಟ ಪೆಟ್ಟಿಗೆ ಅದು. 48 ಕಿಲೋಬೈಟ್ ಸ್ಮರಣೆಯ ಮಾದರಿಯಲ್ಲಿ 6,912 ಬೈಟ್ ಪರದೆಯ ಚಿತ್ರಕ್ಕೇ ಹೋಗುತ್ತಿತ್ತು. ಅದಕ್ಕೂ ಮುಂಚೆ, 1981ರಲ್ಲಿ, ಏಕಾರ್ನ್ ಕಂಪನಿ ತಯಾರಿಸಿದ ಬಿಬಿಸಿ ಮೈಕ್ರೋ ಬಂದಿತ್ತು. ಬಿಬಿಸಿ ವಾಹಿನಿ ಜನರಿಗೆ ಕಂಪ್ಯೂಟರ್ ಅಕ್ಷರಜ್ಞಾನ ಕೊಡಲು ಹಮ್ಮಿಕೊಂಡ ಯೋಜನೆಯ ಭಾಗ ಅದು. ಸ್ವಿಚ್ಚು ಹಾಕಿದೊಡನೆ ಎರಡೂ ನಿಮ್ಮ ಆಜ್ಞೆಗಾಗಿ ಕಾದು ನಿಲ್ಲುತ್ತಿದ್ದವು. ಆಟ ಆಡಬೇಕಾದರೂ ಮೊದಲು ಆ ಭಾಷೆಯಲ್ಲೇ ಒಂದು ಆಜ್ಞೆ ಕೊಡಬೇಕಾಗಿತ್ತು. ಆಡುವವನಿಗೂ ಬರೆಯುವವನಿಗೂ ಬಾಗಿಲು ಒಂದೇ.

ಬಿಬಿಸಿ ಮೈಕ್ರೋ ನಮ್ಮ ದೇಶಕ್ಕೂ ಬಂತು. 1984-85ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಅದನ್ನು ಹಂಚಿತು. ಮುಂದೆ ಇನ್ನಷ್ಟು ಶಾಲೆಗಳಿಗೆ ವಿಸ್ತರಿಸಿತು. ನಾನು ಗಣಿತ ಹೇಳಿಕೊಡುತ್ತಿದ್ದ ಶಾಲೆಗೂ ಎರಡು ಬಂದವು. ಅವುಗಳಿಗೆಂದು ಒಂದು ಕೋಣೆ ಖಾಲಿ ಮಾಡಿಸಿ, ಕಿಟಕಿಗೆ ಪರದೆ ಕಟ್ಟಿ, ಹೊರಗೆ ಚಪ್ಪಲಿ ಬಿಟ್ಟು ಬರಬೇಕೆಂದು ಬೋರ್ಡು ಹಾಕಿದರು. ಆಯುಧಪೂಜೆಯ ದಿನ ಕುಂಕುಮ ಹಚ್ಚಿದರು. ಮಕ್ಕಳು ದೂರದಲ್ಲಿ ಸಾಲಾಗಿ ನಿಂತು ನೋಡಿದರು. ಕೈಯಿಟ್ಟು ಕೆದಕಲೆಂದೇ ಮಾಡಿದ ಯಂತ್ರ ನಮ್ಮಲ್ಲಿ ಗರ್ಭಗುಡಿಯ ಮೂರ್ತಿಯಾಯಿತು. ಕೆಲವು ವರ್ಷಗಳ ನಂತರ ಅವು ಬೀರು ಸೇರಿದವು. ಆಮೇಲೆ ಹರಾಜಿನಲ್ಲಿ ಮುರಿದ ಬೆಂಚುಗಳ ಜೊತೆ ತೂಕಕ್ಕೆ ಹೋದವು. ಯಂತ್ರ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಆ ಊರಿನ ಒಂದು ತಲೆಮಾರಿನ ಮಕ್ಕಳಿಗೆ ಅದನ್ನು ಮುಟ್ಟುವ ಹಕ್ಕು ಕಡೆಗೂ ಸಿಗಲಿಲ್ಲವಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ಈ ಆಟಗಳ ಬಗ್ಗೆ ನಾನು ಪಕ್ಷಪಾತದಿಂದ ಬರೆಯುತ್ತಿದ್ದೇನೆಂದು ಯಾರಿಗಾದರೂ ಅನ್ನಿಸಿದರೆ ಅದರ ಮೂಲ ಇಲ್ಲಿದೆ.

ಈಗ ಕೃತಿಗಳಿಗೆ ಬರೋಣ. 1983ರಲ್ಲಿ ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ಹುಡುಗ ಸ್ಪೆಕ್ಟ್ರಮ್‌ಗಾಗಿ 'ಮ್ಯಾನಿಕ್ ಮೈನರ್' ಬರೆದ. ವಿಲ್ಲಿ ಎಂಬ ಗಣಿಗಾರ 20 ಗುಹೆಗಳನ್ನು ಹಾದು, ಪ್ರತಿ ಗುಹೆಯಲ್ಲಿ ಕೀಲಿಗಳನ್ನು ಸಂಗ್ರಹಿಸಿ, ಉಸಿರುಗಾಳಿ ಮುಗಿಯುವುದರೊಳಗೆ ಬಾಗಿಲು ಸೇರಬೇಕು. ಅದರ ಒಳಗೆ ಇಣುಕಿದರೆ ಒಂದೊಂದು ಗುಹೆಗೂ 1,024 ಬೈಟ್ ಮೀಸಲು. ಅದರಲ್ಲಿ 512 ಬೈಟ್, 32 ಅಂಕಣ 16 ಸಾಲುಗಳ ಚೌಕಗಳಿಗೆ, ಚೌಕಕ್ಕೊಂದರಂತೆ. ಇಪ್ಪತ್ತು ಗುಹೆಗೆ ಇಪ್ಪತ್ತು ಕಿಲೋಬೈಟ್. ಧಾರಾಳತನವೆಂದೇ ಹೇಳಬೇಕು.

ಮರುವರ್ಷ ಅದೇ ಹುಡುಗ 'ಜೆಟ್ ಸೆಟ್ ವಿಲ್ಲಿ' ಬರೆದ. ಗಣಿಯಲ್ಲಿ ಸಂಪತ್ತು ಸಿಕ್ಕಿ ಶ್ರೀಮಂತನಾದ ವಿಲ್ಲಿ ಬಂಗಲೆ ಕೊಂಡು ರಾತ್ರಿಯೆಲ್ಲ ಔತಣ ಮಾಡಿದ್ದಾನೆ. ಮನೆಗೆಲಸ ನೋಡಿಕೊಳ್ಳುವ ಮರಿಯಾ, ಹರಡಿದ ಸಾಮಾನನ್ನೆಲ್ಲ ಎತ್ತಿಡುವ ತನಕ ಮಲಗಲು ಬಿಡುವುದಿಲ್ಲ. ಎತ್ತಿಡಬೇಕಾದ ವಸ್ತುಗಳು 83, ಕೋಣೆಗಳು 60. ಹೊಸ ಸಿರಿವಂತನ ಬಗೆಗಿನ ಈ ವ್ಯಂಗ್ಯ ಮೇಲುನೋಟಕ್ಕೇ ಸಿಗುತ್ತದೆ. ಒಳಗಿನ ಕೌಶಲ ಸಿಗುವುದು ಇಣುಕಿದಾಗ. ಇಲ್ಲಿ ಇಡೀ ಕೋಣೆಗೆ 256 ಬೈಟ್ ಮಾತ್ರ. ಪ್ರತಿ ಚೌಕ ಖಾಲಿಯೋ, ನೆಲವೋ, ಗೋಡೆಯೋ, ಕೊಲ್ಲುವ ವಸ್ತುವೋ ಎಂಬ ನಾಲ್ಕೇ ಬಗೆ. ನಾಲ್ಕನ್ನು ಗುರುತಿಸಲು ಎರಡು ಬಿಟ್ ಸಾಕು. ಹಾಗಾಗಿ 512 ಚೌಕಗಳು 128 ಬೈಟಿನಲ್ಲಿ ಕುಳಿತುಬಿಟ್ಟವು. ಕೋಣೆಯ ಹೆಸರಿಗೆ 32 ಬೈಟ್. ಬಣ್ಣ, ಇಳಿಜಾರು, ಪಕ್ಕದ ಕೋಣೆಗಳ ವಿವರ ಉಳಿದದ್ದರಲ್ಲಿ. ಹುಡುಗ ಒಂದು ವರ್ಷದಲ್ಲಿ ಹಿಡಿತ ಕಲಿತಿದ್ದಾನೆ. ಕವಿಯೊಬ್ಬ ತನ್ನ ಎರಡನೆಯ ಸಂಕಲನದಲ್ಲಿ ವಿಶೇಷಣಗಳನ್ನು ಕಡಿಮೆ ಮಾಡಿದರೆ ನಾವು ಹೇಗೆ ಗಮನಿಸುತ್ತೇವೆಯೋ ಹಾಗೆ ಇದನ್ನೂ ಗಮನಿಸಬೇಕು.

ಆದರೆ ಕೃತಿ ಅವಸರದಲ್ಲಿ ಹೊರಬಂತು. ಸ್ಮರಣೆಯಲ್ಲಿ ಹೆಸರಿನ ಜಾಗದಲ್ಲಿ ಬರೀ ಒಂದು ಆವರಣ ಚಿಹ್ನೆಯಿರುವ, ಯಾವ ಬಾಗಿಲಿನಿಂದಲೂ ತಲುಪಲಾಗದ ಒಂದು ಅರೆಬರೆ ಕೋಣೆ ಉಳಿದುಕೊಂಡಿದೆ. ಅದಕ್ಕಿಂತ ದೊಡ್ಡ ದೋಷ ಅಟ್ಟದಲ್ಲಿದೆ. ಅಲ್ಲಿ ಹಾರುವ ಬಾಣ ಪರದೆಯ ಎಲ್ಲೆ ಮೀರಿ ಹೋಗಿ ಬೇರೆ ಕೋಣೆಗಳ ವಿವರವನ್ನೇ ಅಳಿಸುತ್ತದೆ. ಒಮ್ಮೆ ಅಟ್ಟ ಹತ್ತಿದ ವಿಲ್ಲಿಗೆ ಆಮೇಲೆ ಕೆಲವು ಕೋಣೆಗಳಲ್ಲಿ ಕಾಲಿಟ್ಟೊಡನೆ ಸಾವು. ಪ್ರಕಾಶಕರು ಮೊದಲು ಆ ಕೋಣೆಗಳಲ್ಲಿ ವಿಷಾನಿಲ ತುಂಬಿದೆ, ಅದು ಬೇಕೆಂದೇ ಮಾಡಿದ್ದು ಎಂದು ಸಮರ್ಥಿಸಿಕೊಂಡರು. ಈ ಸಮರ್ಥನೆ ಕೃತಿಯ ದೋಷಕ್ಕಿಂತ ಕೀಳಾದದ್ದು. ಆಟ ಮೊದಲು ಮುಗಿಸಿದವರಿಗೆ ಬಹುಮಾನ ಘೋಷಿಸಿದ್ದರು; ಅದನ್ನು ಗೆದ್ದವರು ಒಳಗಿನ ಸಂಖ್ಯೆಗಳನ್ನು ಹುಡುಕಿ ತಿದ್ದಿದವರೇ. ಕಡೆಗೆ ಪ್ರಕಾಶಕರೇ ನಾಲ್ಕು ತಿದ್ದುಪಡಿಗಳನ್ನು ಪ್ರಕಟಿಸಬೇಕಾಯಿತು. ಅವುಗಳಲ್ಲೊಂದು 59901ನೆಯ ವಿಳಾಸದಲ್ಲಿ 82 ಇಡುವುದು. ಬಾಣ ದಾರಿಗೆ ಬಂತು.

ನನಗೆ ಮುಖ್ಯವಾಗಿ ಕಾಣುವುದು ಮುಂದೆ ನಡೆದದ್ದು. ಆಟಗಾರರಿಗೆ ತಿದ್ದುವ ರುಚಿ ಹತ್ತಿತು. ಅದೇ 1984ರಲ್ಲಿ 'ಯುವರ್ ಸ್ಪೆಕ್ಟ್ರಮ್' ಎಂಬ ಪತ್ರಿಕೆ ಆಟಕ್ಕೆ 'ಏಪ್ರಿಲ್ ಶವರ್ಸ್' ಎಂಬ ಹೊಸ ಕೋಣೆಯನ್ನೇ ಸೇರಿಸುವ ಲೇಖನ ಪ್ರಕಟಿಸಿತು. ಕೋಣೆಗಳನ್ನು ತಿದ್ದುವ ಸಾಧನಗಳು ಬಂದವು. ಅಲ್ಲಿಂದೀಚೆಗೆ ಇದೇ ಯಂತ್ರಭಾಷೆಯ ಮೇಲೆ ಹೊಸ ಬಂಗಲೆ ಕಟ್ಟಿದವರು ಅದೆಷ್ಟೋ ಮಂದಿ. ನಮ್ಮ ಓಲೆಗರಿಯ ಪ್ರತಿಕಾರರು ಕಾವ್ಯವನ್ನು ನಕಲು ಮಾಡುತ್ತ ಅಲ್ಲೊಂದು ಪದ ತಿದ್ದಿ, ಇಲ್ಲೊಂದು ಪದ್ಯ ಸೇರಿಸಿ ಪಾಠಾಂತರಗಳನ್ನು ಹುಟ್ಟಿಸಿದ ಹಾಗೆ. ಪ್ರಕ್ಷಿಪ್ತಗಳೆಲ್ಲ ಒಳ್ಳೆಯವಲ್ಲ ಎಂಬುದು ಗ್ರಂಥಸಂಪಾದನೆ ಬಲ್ಲವರಿಗೆ ಗೊತ್ತು, ಇಲ್ಲಿಯೂ ಹಾಗೆಯೇ. ನಾನು ನೋಡಿದ ರೂಪಾಂತರಗಳಲ್ಲಿ ಬಹುಪಾಲು ಆಟವನ್ನು ಕಠಿಣಗೊಳಿಸಿದವೇ ಹೊರತು ಬೆಳೆಸಲಿಲ್ಲ. ಒಂದು ಅಂಗುಲ ತಪ್ಪಿದರೆ ಸಾಯಿಸುವುದನ್ನೇ ಸೊಗಸು ಎಂದುಕೊಂಡವರು ಬಹಳ.

ಇದರ ಎದುರಿಗೆ 'ಎಲೈಟ್' ಅನ್ನು ಇಡಬೇಕು. 1984ರ ಸೆಪ್ಟೆಂಬರಿನಲ್ಲಿ ಬಿಬಿಸಿ ಮೈಕ್ರೋಗೆ ಬಂದ ಈ ಆಟವನ್ನು ಬರೆದವರು ಕೇಂಬ್ರಿಜ್‌ನ ವಿದ್ಯಾರ್ಥಿಗಳಾದ ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬನ್. ಯಂತ್ರದ ಒಟ್ಟು ಸ್ಮರಣೆ 32 ಕಿಲೋಬೈಟ್. ಆಟಕ್ಕೆ ಸಿಕ್ಕಿದ್ದು 22ರಷ್ಟು. ಅಷ್ಟರಲ್ಲಿ ಮೂರು ಆಯಾಮದ ಹಡಗುಗಳು, ಯುದ್ಧ, ವ್ಯಾಪಾರ, 8 ನಕ್ಷತ್ರಮಂಡಲ, ಒಂದೊಂದರಲ್ಲಿ 256 ಗ್ರಹ. ಒಟ್ಟು 2,048 ಲೋಕಗಳು. ಅವುಗಳ ಪಟ್ಟಿ ಎಲ್ಲಿಯೂ ಇಲ್ಲ. ಮೂರು ಸಂಖ್ಯೆಗಳು, ಅಂದರೆ ಬರೀ ಆರು ಬೈಟ್, ಬೀಜವಾಗಿ ಇವೆ. ಮೂರನ್ನೂ ಕೂಡಿಸಿದರೆ ಮುಂದಿನ ಸಂಖ್ಯೆ. ಹಾಗೆ ಸರಣಿ ಬೆಳೆಯುತ್ತ ಗ್ರಹದ ಹೆಸರು, ಆಡಳಿತ, ಆರ್ಥಿಕ ಸ್ಥಿತಿ ಎಲ್ಲ ಹುಟ್ಟುತ್ತವೆ. ಮಂಡಲದಿಂದ ಮಂಡಲಕ್ಕೆ ಜಿಗಿಯುವಾಗ ಪ್ರತಿ ಬೈಟಿನ ಬಿಟ್‌ಗಳನ್ನು ಒಂದು ಸ್ಥಾನ ತಿರುಗಿಸುತ್ತಾರೆ. ಬೈಟಿಗೆ ಎಂಟು ಬಿಟ್. ಎಂಟು ಸಲ ತಿರುಗಿಸಿದರೆ ಹೊರಟಲ್ಲಿಗೇ ಬರುತ್ತೇವೆ. ಅದಕ್ಕೇ ಮಂಡಲಗಳು ಎಂಟು. ಗಣಿತದ ಮೇಷ್ಟ್ರಾಗಿ ಇದನ್ನು ತಿಳಿದ ದಿನ ನನಗಾದ ಸಂತೋಷ ದೊಡ್ಡದು. ಇದರಲ್ಲಿ ಅಂಕಗಳಿಲ್ಲ, ಮೂರು ಜೀವಗಳ ಲೆಕ್ಕವಿಲ್ಲ. ಧಾನ್ಯ ಮಾರಿಯೂ ಬದುಕಬಹುದು, ಗುಲಾಮರನ್ನು ಮಾರಿಯೂ ಬದುಕಬಹುದು. ಪೊಲೀಸರ ಕಾಟ ಮಾತ್ರ ಬೇರೆಬೇರೆ.

ಹಾಗಾದರೆ ಎಲೈಟೇ ಶ್ರೇಷ್ಠವೇ? ರಚನೆಯ ದೃಷ್ಟಿಯಿಂದ ಹೌದು. ಆದರೆ ವೆಂಕಟಮಖಿಯ 72 ಮೇಳಗಳ ವ್ಯವಸ್ಥೆ ನೆನಪಾಗುತ್ತದೆ. ಸೂತ್ರ ಸ್ವರಗಳ ಜೋಡಣೆಯನ್ನು ಕೊಡುತ್ತದೆ. ರಾಗವನ್ನು ಕೊಡುವವನು ಹಾಡುಗಾರ. ಎಲೈಟಿನ ಎರಡು ಸಾವಿರ ಗ್ರಹಗಳ ಮೇಲೆ ನಾವು ಇಳಿಯುವುದೇ ಇಲ್ಲ. ಬೆಲೆಪಟ್ಟಿ ಬದಲಾಗುತ್ತದೆ, ನಿಲ್ದಾಣ ಒಂದೇ ಬಗೆ. ಜೆಟ್ ಸೆಟ್ ವಿಲ್ಲಿಯ ಅರವತ್ತು ಕೋಣೆಗಳಲ್ಲಿ ಪ್ರತಿಯೊಂದನ್ನೂ ಒಬ್ಬ ಮನುಷ್ಯ ಕೂತು ಬಿಡಿಸಿದ್ದಾನೆ, ಹೆಸರಿಟ್ಟಿದ್ದಾನೆ. ಕಣ್ಣು ಮುಚ್ಚಿದರೂ ಅಡುಗೆಮನೆ ಎಲ್ಲಿ, ಅಟ್ಟ ಎಲ್ಲಿ ಎಂದು ಗೊತ್ತಾಗುತ್ತದೆ. ಎಲೈಟಿನಲ್ಲಿ ಒಂದು ಬೈಟ್ ಸರಿಸಲೂ ಭಯ, ಅಷ್ಟು ಬಿಗಿ. ಆ ಬಿಗಿಯೊಳಗೂ ಕೈ ಹಾಕಿದವರಿದ್ದಾರೆ: ಮಾರ್ಕ್ ಮಾಕ್ಸನ್ ಎಂಬವರು ಅದರ ಮೂಲ ಕ್ರಮವಿಧಿಗೆ ಸಾಲುಸಾಲಿಗೂ ಟೀಕೆ ಬರೆದರು, ಹಡಗಿನ ರೇಖೆಗಳು ಮಿನುಗದಂತೆ ಹಳೆಯ ಆವೃತ್ತಿಯನ್ನು ತಿದ್ದಿಯೂ ತೋರಿಸಿದರು. ಮಲ್ಲಿನಾಥನ ವ್ಯಾಖ್ಯಾನ ಓದಿ ಬೆಳೆದವರಿಗೆ ಇದು ಎಂಥ ಕೆಲಸ ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನದೂ ಒಂದು ಪಾಠಾಂತರವಿದೆ. ಇಂದಿನ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್‌ನಂತೆ ನಟಿಸುವ ತಂತ್ರಾಂಶಗಳಿವೆ. ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಕಂಪನಿ, 1999ರಲ್ಲಿ ಯಂತ್ರದ ರಾಮ್‌-ಅಲ್ಲದ ಶಾಶ್ವತ ಸ್ಮರಣೆಯ ಪ್ರತಿಯನ್ನು ಇಂಥವುಗಳ ಜೊತೆ ಹಂಚಲು ಒಪ್ಪಿಗೆ ಕೊಟ್ಟಿತು. ಅದರಲ್ಲಿ ವಿಲ್ಲಿಯ ಕೋಣೆಗಳ ಹೆಸರನ್ನು ಕನ್ನಡಕ್ಕೆ ತರಲು ಕುಳಿತೆ. ಇಂಗ್ಲಿಷ್ ಅಕ್ಷರ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕದಲ್ಲಿ ಕೂರುತ್ತದೆ. ನಮ್ಮ 'ಮ', 'ಯ'ಗಳಿಗೆ ಎರಡು ಚೌಕ ಬೇಕು. ತಲೆಕಟ್ಟು ಒಂದು ಸಾಲು ತಿನ್ನುತ್ತದೆ. ಒತ್ತಕ್ಷರಕ್ಕೆ ಜಾಗವೇ ಇಲ್ಲ. 'ಅಟ್ಟ' ಎಂದು ಬರೆಯಹೋದರೆ ಮೊದಲ ಹೆಸರಿಗೇ ಒತ್ತು! ಆದರೆ ಹೆಸರಿನ ಸಾಲಿನ ಕೆಳಗೆ ಪರದೆ ಖಾಲಿಯಿತ್ತು. ಒತ್ತನ್ನು ಅಲ್ಲಿಗೆ ಇಳಿಸಿದೆ. ಅಕ್ಷರಗಳನ್ನು ಇಡಲು ಸ್ಮರಣೆಯ ಕೊನೆಯಲ್ಲಿ ಮೂರು ಕೋಣೆಗಳಷ್ಟು ಬಳಸದ ಜಾಗ, ಅಂದರೆ 768 ಬೈಟ್. ಅಕ್ಷರಕ್ಕೆ ಎಂಟರಂತೆ ಸರಿಯಾಗಿ 96 ಚೌಕ. ಕಾಗುಣಿತವನ್ನೆಲ್ಲ ತುಂಬಲು ಸಾಲದು, ಬೇಕಾದಷ್ಟನ್ನೇ ಆರಿಸಿಕೊಂಡೆ. ಒಂದು ತಿಂಗಳ ಸಂಜೆಗಳು ಹೋದವು. ಯಾವ ಪಠ್ಯವೂ ಕಲಿಸದಷ್ಟು ಕನ್ನಡ ಲಿಪಿಯ ಬಗ್ಗೆ ಆಗ ಕಲಿತೆ.

ಇಂದಿನ ಫೋನು ಸ್ಪೆಕ್ಟ್ರಮ್‌ಗಿಂತ ಎಷ್ಟೋ ಪಟ್ಟು ಶಕ್ತ, ಆಟಗಳೂ ಬೆರಗು ಹುಟ್ಟಿಸುವಂಥವು. ಅವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅವು ಆಡಿಸುತ್ತವೆ, ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಶಾಲೆಯ ಆ ಬೋರ್ಡು ಈಗ ಗಾಜಿನೊಳಗೆ ಸೇರಿಕೊಂಡಿದೆ ಅಷ್ಟೆ. ಮಗುವೊಂದಕ್ಕೆ ಕಂಪ್ಯೂಟರ್ ಏನೆಂದು ತೋರಿಸಬೇಕೆಂದಿರುವ ಮೇಷ್ಟ್ರುಗಳಿಗೆ ನನ್ನ ಸಲಹೆ ಇಷ್ಟೇ: ಒಂದು ಹಳೆಯ ಆಟ ಕೊಡಿ, ಅಟ್ಟ ಹತ್ತಿಸಿ, ಅದು ಕೆಡಲಿ. ಆಮೇಲೆ 59901ರ ವಿಷಯ ಹೇಳಿ, ಪಕ್ಕಕ್ಕೆ ಸರಿದು ನಿಲ್ಲಿ.