ಬ್ರಿಟನ್ನಿನ ತಾಮ್ರದ ಟೋಕನುಗಳೂ ಅವುಗಳ ಸೂಚೀಗ್ರಂಥಗಳೂ

೧೭೭೫ರ ತರುವಾಯ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬ್ರಿಟನ್ನಿನ ಸರ್ಕಾರವು ತನ್ನ ಪ್ರಜೆಗಳಿಗೆ ಹೊಸ ತಾಮ್ರದ ನಾಣ್ಯಗಳನ್ನು ಒದಗಿಸಲಿಲ್ಲ. ಚಿಲ್ಲರೆಯಿಲ್ಲದೆ ಕೂಲಿ ಕೊಡುವುದೇ ಕಷ್ಟವಾಗಲು, ೧೭೮೭ರಲ್ಲಿ ಆಂಗಲ್ಸೀ ದ್ವೀಪದ ಪ್ಯಾರಿಸ್ ಗಣಿಯ ಕಂಪೆನಿಯವರು ಡ್ರೂಯಿಡ್ ಪುರೋಹಿತನ ತಲೆಯುಳ್ಳ ಪೆನ್ನಿಗಳನ್ನು ತಾವೇ ಹೊರಡಿಸಿದರು. ವರ್ತಕರನೇಕರು ಅವರನ್ನು ಅನುಸರಿಸಿದರು. ಈ ಟೋಕನುಗಳನ್ನು ಗುರುತಿಸತಕ್ಕವರಿಗೆ, ಡಾಲ್ಟನ್ ಮತ್ತು ಹೇಮರ್ ಎಂಬವರು ೧೯೧೦ರಿಂದ ೧೯೧೮ರವರೆಗೆ ಭಾಗಭಾಗವಾಗಿ ಪ್ರಕಟಿಸಿದ ಸೂಚೀಗ್ರಂಥವೇ ಇಂದಿಗೂ ಆಧಾರವಾಗಿದೆ.

ಅದರ ಗುಣವು ಸಾಮಾನ್ಯವಾದುದಲ್ಲ. ಗ್ರಂಥಕರ್ತರು ಎರಡು ಮುಖಗಳ ಅಚ್ಚುಗಳನ್ನಲ್ಲದೆ ಅಂಚಿನ ಬರಹವನ್ನೂ ಬೇರೆಬೇರೆಯಾಗಿ ನಮೂದಿಸಿರುವರು. ಯಾವ ಊರಿನಲ್ಲಿ ಹಣ ಸಲ್ಲುವುದೆಂಬ ವಾಗ್ದಾನವು ಅನೇಕವೇಳೆ ಅಂಚಿನಲ್ಲಿಯೇ ಇರುವುದರಿಂದ, ಮುಖಗಳೆರಡೂ ಸವೆದ ಬಿಲ್ಲೆಯ ಗುರುತು ಅಲ್ಲಿ ಉಳಿದಿರುವುದುಂಟು.

ಆದರೆ ಅವರ ವಿಂಗಡಣೆಯನ್ನು ಒಪ್ಪುವುದು ಕಷ್ಟ. ಅವರು ಎಲ್ಲವನ್ನೂ ಬಹುಮಟ್ಟಿಗೆ ಕೌಂಟಿವಾರಾಗಿ ಜೋಡಿಸಿರುವರು. ಇದರ ಫಲವನ್ನು ಥಾಮಸ್ ಸ್ಪೆನ್ಸನ ವಿಷಯದಲ್ಲಿ ನೋಡಬಹುದು. ಭೂಮಿಯು ಸರ್ವರ ಸೊತ್ತೆಂದು ಸಾರಿ ೧೭೯೪ರಲ್ಲಿ ಸೆರೆ ಸೇರಿದ ಈ ಪುಸ್ತಕವ್ಯಾಪಾರಿಯು ಲಂಡನ್ನಿನಲ್ಲಿ ನಾಣ್ಯಗಳನ್ನೂ ಮಾರುತ್ತಿದ್ದನು. ಸಂಗ್ರಾಹಕರ ಆಸೆಯನ್ನು ಅರಿತು, ಒಂದರ ಮುಖಕ್ಕೆ ಮತ್ತೊಂದರ ಬೆನ್ನನ್ನು ಮನಬಂದಂತೆ ಕೂಡಿಸಿದನು. ಅಂತಹ ಒಂದೊಂದು ಕೂಟಕ್ಕೂ ಸೂಚಿಯಲ್ಲಿ ಒಂದೊಂದು ಸಂಖ್ಯೆಯುಂಟು. ಮಿಡಲ್‌ಸೆಕ್ಸ್ ಒಂದರ ಸಂಖ್ಯೆಗಳೇ ಸಾವಿರವನ್ನು ಮೀರುತ್ತವೆ. ಇವನ್ನು ಲಂಡನ್ನಿನ ವ್ಯಾಪಾರದ ಅಳತೆಯೆಂದು ಎಣಿಸುವ ಚರಿತ್ರಕಾರನು ಮೋಸಹೋಗುವನು. ನಮ್ಮ ಗ್ರಂಥಸಂಪಾದಕರಿಗೆ ಈ ತೊಡಕು ಹೊಸದಲ್ಲ: ಲಿಪಿಕಾರನ ಪ್ರಮಾದವನ್ನೂ ಕವಿಯ ಪಾಠವನ್ನೂ ಒಂದೇ ಸಾಲಿನಲ್ಲಿ ಪಾಠಾಂತರವೆಂದು ಕೊಟ್ಟಂತಾಯಿತು.

೧೯೬೩ರಿಂದ ಆರ್. ಸಿ. ಬೆಲ್ ಎಂಬವರು ಪ್ರಕಟಿಸಿದ ಗ್ರಂಥಗಳಲ್ಲಿ ಈ ಲೋಪಕ್ಕೆ ಪರಿಹಾರವನ್ನು ಅರಸಿರುವರು. ನಿಜವಾಗಿ ಚಲಾವಣೆಗೆಂದು ಮಾಡಿದ ಟೋಕನುಗಳನ್ನು ಒಂದರಲ್ಲಿಯೂ, ಸಂಗ್ರಾಹಕರಿಗಾಗಿ ಹುಟ್ಟಿದ ತೋರಿಕೆಯ ಟೋಕನುಗಳನ್ನು ಮತ್ತೊಂದರಲ್ಲಿಯೂ ವಿವರಿಸಿರುವರು. ಕೆಂಪ್ಸನ್ ಮತ್ತು ಸ್ಕಿಡ್‌ಮೋರ್ ಹೊರಡಿಸಿದ ಕಟ್ಟಡಗಳ ಚಿತ್ರದ ಬಿಲ್ಲೆಗಳಿಗೆ ೧೯೭೮ರ ಪ್ರತ್ಯೇಕ ಗ್ರಂಥವೇ ಇದೆ. ಉದ್ದೇಶವನ್ನು ಕೇಳಿದುದೇ ಬೆಲ್ಲರ ಹಿರಿಮೆ. ಆದರೆ ಉದ್ದೇಶವು ತಾಮ್ರದ ಮೇಲೆ ಬರೆದಿರುವುದಿಲ್ಲ. ಅಂಗಡಿಯವನು ಹೊರಡಿಸಿದ ಚೆಲುವಾದ ಅರ್ಧಪೆನ್ನಿಯು ಒಬ್ಬನ ಪೆಟ್ಟಿಗೆಯಲ್ಲಿ ಹೊಳಪು ಕೆಡದೆ ಉಳಿದು, ಅದರ ಜೊತೆಯದು ಹೆಂಡದಂಗಡಿಯಲ್ಲಿ ಸವೆದಿರಬಹುದು. ಇಂತಹ ಸ್ಥಳಗಳಲ್ಲಿ ಬೆಲ್ಲರ ವಿಭಾಗವು ಅವರ ವಿವೇಚನೆಯ ಮೇಲೆ ನಿಂತಿದೆಯೇ ಹೊರತು ಕೈಯಲ್ಲಿರುವ ಬಿಲ್ಲೆಯ ಮೇಲಲ್ಲ. ಆದುದರಿಂದ ಗುರುತಿಗೆ ಡಾಲ್ಟನ್–ಹೇಮರರ ಸಂಖ್ಯೆಯನ್ನೇ ಇಟ್ಟುಕೊಂಡು, ಪ್ರತಿಯೊಂದರ ಮುಂದೆಯೂ ಸವೆತದ ಪ್ರಮಾಣವನ್ನೂ ತೂಕವನ್ನೂ ಸೇರಿಸತಕ್ಕದ್ದು. ಚಲಾವಣೆಯಾಯಿತೋ ಇಲ್ಲವೋ ಎಂಬುದಕ್ಕೆ ಬಿಲ್ಲೆಯೇ ಕೊಡಬಲ್ಲ ಸಾಕ್ಷ್ಯವು ಅಷ್ಟೇ.