ಮ್ಯಾಚ್ ಆಯ್ತಾ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಯೊಂದರಲ್ಲಿ ಯಾರಿಗಾದರೂ ಕಿಡ್ನಿ ಕೈಕೊಟ್ಟರೆ ನೆಂಟರು ಕೇಳುವುದು ಒಂದೇ: ‘ಮ್ಯಾಚ್ ಆಯ್ತಾ?’ ಹಾಗೆ ಕೇಳುತ್ತಲೇ ಎಲ್ಲರ ಕಣ್ಣು ತಾಯಿಯತ್ತ ಹೊರಳುತ್ತದೆ. ಹೆತ್ತವಳದ್ದೇ ಚೆನ್ನಾಗಿ ಹೊಂದುತ್ತದೆ ಎಂಬ ನಂಬಿಕೆ. ಅಂಗಾಂಶದ ಗುರುತುಗಳಾದ ಎಚ್‌ಎಲ್‌ಎ ಮಗುವಿಗೆ ಬರುವುದು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಅಂದಮೇಲೆ ಅಪ್ಪನದೂ ಅಷ್ಟೇ ಹೊಂದಬೇಕಲ್ಲ! ಪೂರ್ತಿ ಹೊಂದುವ ಅವಕಾಶ ಹೆಚ್ಚಿರುವುದು ಒಡಹುಟ್ಟಿದವರಲ್ಲಿ, ಅದೂ ನಾಲ್ಕರಲ್ಲೊಂದು ಪಾಲು. ಏನೂ ಹೊಂದದಿರುವ ಸಂಭವವೂ ಅಷ್ಟೇ.

1954ರಲ್ಲಿ ಬೋಸ್ಟನ್ನಿನಲ್ಲಿ ಮೊದಲ ಕಿಡ್ನಿ ಕಸಿ ಗೆದ್ದದ್ದು ತದ್ರೂಪಿ ಅವಳಿಗಳ ನಡುವೆ. ಆ ಕಾಲಕ್ಕೆ ಹೊಂದಾಣಿಕೆಯೇ ಸರ್ವಸ್ವ. ಎಂಬತ್ತರ ದಶಕದಲ್ಲಿ, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಔಷಧ ಬಂದ ಮೇಲೆ ಲೆಕ್ಕ ಬದಲಾಯಿತು. ಅಂಗಾಂಶ ಹೊಂದಾಣಿಕೆಯ ತಜ್ಞ ಪಾಲ್ ಟೆರಾಸಾಕಿ ಅವರ ತಂಡ 1995ರಲ್ಲಿ ಅಮೆರಿಕದ ದಾಖಲೆಗಳನ್ನು ನೋಡಿದಾಗ, ಮೂರು ವರ್ಷದ ಬಳಿಕವೂ ಕೆಲಸ ಮಾಡುತ್ತಿದ್ದ ಕಿಡ್ನಿಗಳು ಹೆತ್ತವರು ಕೊಟ್ಟವುಗಳಲ್ಲಿ ಶೇ 82, ಗಂಡ ಅಥವಾ ಹೆಂಡತಿ ಕೊಟ್ಟವುಗಳಲ್ಲಿ ಶೇ 85, ಮೃತರವುಗಳಲ್ಲಿ ಶೇ 70. ಗಂಡಹೆಂಡಿರ ಅಂಗಾಂಶ ಹೊಂದುವುದು ಅಪರೂಪ. ಆದರೂ ಬದುಕಿದ್ದವರ ಆರೋಗ್ಯವಂತ ಕಿಡ್ನಿ ಚೆನ್ನಾಗಿಯೇ ಬಾಳಿತು.

ಒಂದು ತೊಡಕಿದೆ. ಬಸಿರಿನಲ್ಲಿ ಮಗುವಿನ ಮೂಲಕ ಗಂಡನ ಗುರುತುಗಳು ಹೆಂಡತಿಯ ದೇಹಕ್ಕೆ ಪರಿಚಯವಾಗಿ, ಅವುಗಳ ವಿರುದ್ಧ ಪ್ರತಿಕಾಯ ಹುಟ್ಟಬಹುದು. ಅದೇ ದಾಖಲೆಗಳಲ್ಲಿ, ಮುಂಚೆ ಬಸಿರಾಗಿದ್ದ ಹೆಂಡತಿಗೆ ಗಂಡನ ಕಿಡ್ನಿ ಹಾಕಿದಾಗ ಮೂರು ವರ್ಷ ಬಾಳಿದ್ದು ಶೇ 76, ಎಂದೂ ಬಸಿರಾಗದವರಲ್ಲಿ ಶೇ 87. ಕಸಿಗೆ ಮುಂಚಿನ ಕ್ರಾಸ್‌ಮ್ಯಾಚ್ ಪರೀಕ್ಷೆ ಹಿಡಿಯುವುದು ಇಂಥ ಪ್ರತಿಕಾಯಗಳನ್ನೇ. ಈ ತೊಡಕನ್ನು ನೆಪ ಮಾಡಿ ಗಂಡಂದಿರು ಜಾರಿಕೊಳ್ಳುವಂತಿಲ್ಲ: 76 ಕೂಡ ಮೃತರ ಕಿಡ್ನಿಯ 70ಕ್ಕಿಂತ ಮೇಲೆಯೇ. ಆದರೂ ನಮ್ಮ ದೇಶದಲ್ಲಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರು. ಇದನ್ನು ಎಚ್‌ಎಲ್‌ಎ ತೀರ್ಮಾನಿಸಿದ್ದಲ್ಲ.

ಯಾರು ಕೊಡಬಹುದು ಎಂಬಲ್ಲಿ ಕಾನೂನಿನ ಬಗೆಯೂ ವಿಚಿತ್ರ. 1994ರ ಅಂಗಾಂಗ ಕಸಿ ಕಾಯ್ದೆ ಗಂಡಹೆಂಡಿರನ್ನೂ ಹತ್ತಿರದ ಸಂಬಂಧಿಕರೆಂದಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ನಮ್ಮಲ್ಲಿ ಮದುವೆ ಮುಂಜಿಗೆಲ್ಲ ಮುಂದೆ ನಿಲ್ಲುವ ಸೋದರಮಾವ ಮಾತ್ರ ಪಟ್ಟಿಯಲ್ಲಿಲ್ಲ. ಅವನು ಕೊಡಬೇಕೆಂದರೆ ಅನುಮತಿ ಸಮಿತಿಯ ಮುಂದೆ ಕೂರಬೇಕು. ಕಿಡ್ನಿ ಮಾರಾಟ ತಡೆಯಲು ಅಷ್ಟು ಬಿಗಿ ಬೇಕಿತ್ತು ಎಂಬುದನ್ನು ಒಪ್ಪುತ್ತೇನೆ.

ಕಸಿಯಾದ ಮೇಲಿನ ವರ್ಷಗಳ ಬಗ್ಗೆ ಮನೆಗಳಲ್ಲಿ ಮಾತೇ ಕಡಿಮೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್ ಮಾತ್ರೆಯನ್ನು ಹೊತ್ತು ತಪ್ಪದೆ ನುಂಗಬೇಕು, ರಕ್ತದಲ್ಲಿ ಅದರ ಮಟ್ಟ ಅಳೆಸುತ್ತಿರಬೇಕು. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿಬರುವವರಿಗೆ ಜಡಿಮಳೆಯ ತಿಂಗಳುಗಳಲ್ಲಿ ಇದೇ ದೊಡ್ಡ ಪರೀಕ್ಷೆ. ಮಗನಿಗೆ ಕಿಡ್ನಿ ಕೊಟ್ಟು, ಅವನ ತಪಾಸಣೆಗೆ ಜೊತೆಗೆ ಹೋದ ತಾಯಿ ತನ್ನದನ್ನು ಮಾಡಿಸದೆ ವಾಪಸಾಗುತ್ತಾಳೆ. ಉಳಿದೊಂದು ಕಿಡ್ನಿಗಾಗಿ ಅವಳ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಅದಕ್ಕೆ ಘಟ್ಟ ಇಳಿಯಬೇಕಿಲ್ಲ, ತಾಲ್ಲೂಕು ಆಸ್ಪತ್ರೆ ಸಾಕು.