ಬಾಡಿಗೆಯಿಲ್ಲದ ಮನೆಯ ಬಡ್ಡಿ

ಬೆಂಗಳೂರಿನ ಬೀದಿಗಳಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಬೋರ್ಡು ಕಂಡರೆ ಮನೆ ಹುಡುಕುವವರು ನಿಂತು ಫೋನ್ ನಂಬರು ಬರೆದುಕೊಳ್ಳುತ್ತಾರೆ. ಸಾಲ ಬೇಕಾಗಿದೆ ಎಂದು ಯಾರೋ ಗೇಟಿಗೆ ನೇತುಹಾಕಿದ ಅರ್ಜಿ ಅದು ಎಂದು ಓದಿಕೊಂಡರೆ ವ್ಯವಹಾರದ ಒಳಗು ಬೇಗ ತಿಳಿಯುತ್ತದೆ.

ತಿಂಗಳಿಗೆ 12,500 ರೂಪಾಯಿ ಬಾಡಿಗೆ ಬರಬಹುದಾದ ಮನೆಗೆ 15 ಲಕ್ಷ ಭೋಗ್ಯ ಎನ್ನಿ. ಬಾಡಿಗೆ ಇಲ್ಲ, ಎರಡು ಮೂರು ವರ್ಷ ಕಳೆದ ಮೇಲೆ ಅಸಲು ಪೂರ್ತಿ ವಾಪಸ್. ಅದೇ ಹಣವನ್ನು ಶೇ. 7ಕ್ಕೆ ಠೇವಣಿ ಇಟ್ಟರೆ ತಿಂಗಳಿಗೆ ಬರುವುದು 8,750. ಇರಲು ಬಂದವರಿಗೆ ಲಾಭವೇ. ಮಾಲೀಕನ ಕಡೆಯಿಂದ ಲೆಕ್ಕ ಹಾಕಿ: ವರ್ಷಕ್ಕೆ ಒಂದೂವರೆ ಲಕ್ಷ ಬಾಡಿಗೆ ಬಿಟ್ಟುಕೊಟ್ಟು 15 ಲಕ್ಷ ಎತ್ತಿದ್ದಾನೆ, ಅಂದರೆ ಶೇ. 10ರ ಬಡ್ಡಿ. ಗೃಹಸಾಲ ಅದಕ್ಕಿಂತ ಅಗ್ಗಕ್ಕೆ ಸಿಗುವಾಗ ಈತನೇಕೆ ಇಷ್ಟು ತೆರುತ್ತಾನೆ? ಎಷ್ಟೋ ಸಲ, ಬ್ಯಾಂಕು ಕೊಡುವುದಿಲ್ಲ ಎಂಬ ಕಾರಣಕ್ಕೆ. ಬಿ ಖಾತಾ, ನಕ್ಷೆ ಮೀರಿ ಎದ್ದ ಮಹಡಿ, ಕಾಗದದಲ್ಲಿ ತೋರಿಸಲಾಗದ ಆದಾಯ, ಇಲ್ಲವೇ ಆಗಲೇ ಕತ್ತಿನವರೆಗೆ ಬಂದಿರುವ ಸಾಲ. ಭೋಗ್ಯ ಸೋವಿ ಎನಿಸಿದಷ್ಟೂ ಈ ಪ್ರಶ್ನೆ ಕೇಳುವುದು ಮೇಲು.

ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಈ ಹಣ ಹೇಗೆ ಓಡುತ್ತದೆ ನೋಡಬೇಕು. ನೆಲಮಹಡಿಯ ಭೋಗ್ಯದಲ್ಲಿ ಮೊದಲ ಮಹಡಿಯ ಮೋಲ್ಡು, ಅದರ ಭೋಗ್ಯದಲ್ಲಿ ಅದರ ಮೇಲಿನದು, ಕಟ್ಟಲು ಜಾಗ ಮುಗಿದ ಮೇಲೆ ಊರಾಚೆ ಇನ್ನೊಂದು ಸೈಟಿಗೆ ಅಡ್ವಾನ್ಸು. ಜಾಣತನವೇ, ಒಪ್ಪೋಣ. ಆದರೆ ವಾಪಸ್ ಕೊಡಬೇಕಾದ ದುಡ್ಡು ಯಾವ ಹಂತದಲ್ಲೂ ಎಲ್ಲೂ ನಿಂತಿರುವುದಿಲ್ಲ. ‘ಮುಂದಿನ ಪಾರ್ಟಿ ಬರಲಿ, ಸೆಟ್ಲ್ ಮಾಡ್ತೀನಿ’ ಎಂಬ ಮಾತು ಹುಟ್ಟುವುದು ಇಲ್ಲಿಂದ.

ಇನ್ನು ರಿಪೇರಿ. ಬಚ್ಚಲಿನ ತೇವ ಪಕ್ಕದ ಕೋಣೆಗೆ ಇಳಿದು ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿದೆ. ಬಾಡಿಗೆ ಮನೆಯಾದರೆ ‘ನಾನೇ ಮಾಡಿಸ್ತೀನಿ, ಬಾಡಿಗೆಯಲ್ಲಿ ಹಿಡ್ಕೊಳ್ತೀನಿ’ ಎನ್ನಬಹುದು. ಭೋಗ್ಯದಲ್ಲಿ ಹಿಡಿಯಲು ಏನಿದೆ? ಇರುವುದನ್ನೆಲ್ಲ ಮೊದಲ ದಿನವೇ ಕೊಟ್ಟಾಗಿದೆ. ಅದು ಮೇಲಿನ ಮಹಡಿಯ ಕಂಬಿಯೂ ಕಾಂಕ್ರೀಟೂ ಆಗಿ ಕೂತಿದೆ. ಕಾಡಿ ಕಾಡಿ ಕರೆಸಿದ ಪ್ಲಂಬರ್ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬಿ ಹೋಗುತ್ತಾನೆ. ಗೋಡೆಯೊಳಗಿನ ಪೈಪು ಸೋರುತ್ತಲೇ ಇರುತ್ತದೆ. ಮನೆ ಬಿಡುವಾಗ ಪೇಂಟಿಂಗ್ ಖರ್ಚೆಂದು ಮುರಿದುಕೊಳ್ಳುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ!

ಭೋಗ್ಯಕ್ಕೆ ಕಾನೂನಿನ ಆಸರೆ ಇಲ್ಲವೆಂದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಸ್ವಾಧೀನ ಸಹಿತ ಅಡಮಾನವಿದೆ. ಅಸಲು ಕೈಸೇರುವ ತನಕ ಮನೆಯಲ್ಲೇ ಉಳಿಯುವ ಹಕ್ಕು ಅದರದು. ಆದರೆ 59ನೇ ಕಲಮಿನಂತೆ ನೂರು ರೂಪಾಯಿ ಅಥವಾ ಮೇಲ್ಪಟ್ಟ ಇಂಥ ಅಡಮಾನ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ರೂಢಿಯಲ್ಲಿರುವುದು ಸ್ಟಾಂಪ್ ಪೇಪರಿನ ಮೇಲೆ ಹನ್ನೊಂದು ತಿಂಗಳ ಕರಾರು. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯ ನೋಟಿಸು ಬಾಗಿಲಿಗೆ ಅಂಟಿದ ದಿನ ಈ ಕರಾರು ಹಿಡಿದು ಬ್ಯಾಂಕಿನೆದುರು ನಿಲ್ಲುವುದು ಕಷ್ಟ.

ದಕ್ಷಿಣ ಕೊರಿಯಾದಲ್ಲೂ ಇದೇ ಬಗೆಯ ಪದ್ಧತಿಯಿದೆ, ‘ಜೊನ್ಸೆ’ ಎನ್ನುತ್ತಾರೆ. ಮನೆಗಳ ಬೆಲೆ ಇಳಿದು ಮಾಲೀಕರು ಕೈಯೆತ್ತಿ, ವಂಚನೆಗಳೂ ಬಯಲಾದಾಗ ಸರಕಾರ 2023ರಲ್ಲಿ ಸಂತ್ರಸ್ತರಿಗಾಗಿ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಠೇವಣಿ ಮುಳುಗದಂತೆ ಖಾತರಿ ವಿಮೆ ಪಡೆಯುವ ದಾರಿಯಾದರೂ ಅಲ್ಲಿದೆ.

ಊರಿನ ಹೊಲ ಮಾರಿದ ದುಡ್ಡನ್ನೋ ನಿವೃತ್ತಿಯ ಗಂಟನ್ನೋ ಹಿಡಿದು ಬಂದವರಿಗೆ ಭೋಗ್ಯ ಬೇಡವೇ ಬೇಡ ಎಂದು ನಾನು ಹೇಳಲಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರಲೊಪ್ಪುವ ಮಾಲೀಕನಾದರೆ ಕೊಡಬಹುದು. ಶುಲ್ಕ ಹೊರೆಯಾಗುತ್ತದೆ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಳುಕು ಇನ್ನೊಂದೂ ಇದೆ: ಮನೆಯ ಋಣಭಾರ ಪತ್ರವಾದ ಇಸಿಯಲ್ಲಿ ಒಮ್ಮೆ ಭೋಗ್ಯ ಏರಿತೆಂದರೆ, ಅದೇ ಮನೆ ತೋರಿಸಿ ಮುಂದಿನ ಸಾಲ ಎತ್ತುವುದು ಸುಲಭವಲ್ಲ.